ಉಪ್ಪು ನೋಡಲು ಕರೆಯುತ್ತಿದ್ದವರು

ಜೆಪ್ಪುವಿನಲ್ಲಿ ನಾವು ಬಾಡಿಗೆಗೆ ಇರುವ ಓಣಿಯಲ್ಲಿ ಭಾನುವಾರ ಬೆಳಿಗ್ಗೆ ಹಂದಿ ಕಾಯುವ ಕೆಲಸ ನನ್ನದಾಗಿತ್ತು. ಎಲಿಮೆಂಟರಿ ಶಾಲೆಯ ಮಾಸ್ಟ್ರಿಗೆ ಇದೆಂಥ ಕಸುಬು ಎಂದು ನಗಬೇಡಿ. ಕಾಯುತ್ತಿದ್ದದ್ದು ಓಡಾಡುವ ಹಂದಿಯನ್ನಲ್ಲ, ಕೆಂಡದ ಮೇಲೆ ಮಲಗಿದ ಪಕ್ಕೆಲುಬನ್ನು. ಒಲೆಯೂ ಪಕ್ಕದ ಮನೆಯದು, ಹಂದಿಯೂ ಪಕ್ಕದ ಮನೆಯದು. ಅದನ್ನು ಒಲೆಗೆ ಏರಿಸಿದವರು ಮನೆಮಂದಿಯೊಂದಿಗೆ ಇಗರ್ಜಿಯಲ್ಲಿ ಮೊಣಕಾಲೂರಿ ಕೂತಿರುವಾಗ ಹಿತ್ತಿಲಲ್ಲಿ ಮಣೆ ಹಾಕಿಕೊಂಡು ಕೂತವನು ನಾನು.

ಅವರು ತೀರಿಕೊಂಡು ಒಂದು ತಿಂಗಳು ಕಳೆಯಿತು. ಹೆಸರು ಬರೆಯುವುದಿಲ್ಲ. ಬರೆದರೂ ನಮ್ಮ ಓಣಿಯವರಿಗೆ ಗುರುತು ಸಿಕ್ಕಲಿಕ್ಕಿಲ್ಲ. ಎಲ್ಲರ ಬಾಯಲ್ಲೂ ಅವರು ಬಟ್ಲರು. ಹಡಗಿನಲ್ಲಿ ಅಡುಗೆ ಮಾಡಿ ಮುದುಕರಾಗುವ ಮೊದಲೇ ಊರಿಗೆ ಮರಳಿದವರು. ‘ಬಟ್ಲರ್ ಬೇರೆ, ಕುಕ್ ಬೇರೆ. ಬಟ್ಲರ್ ತಟ್ಟೆ ಹಿಡೀತಾನೆ, ನಾನು ತಟ್ಟೆ ತುಂಬಿಸಿದವ’ ಎಂದು ಮೊದಮೊದಲು ತಿದ್ದುತ್ತಿದ್ದರಂತೆ. ಯಾರೂ ಕೇಳಲಿಲ್ಲ. ಕಡೆಗೆ ಅವರೂ ಬಟ್ಲರ್ ಅಂದರೆ ತಿರುಗಿ ನೋಡತೊಡಗಿದರು.

ಮನೆಯಲ್ಲಿ ಅವರದು ಕೊಂಕಣಿ, ನಮ್ಮದು ತುಳು. ಆದರೆ ನನ್ನ ಹತ್ತಿರ ಮಾತ್ರ ಅವರು ಕನ್ನಡವನ್ನೇ ಆಡುತ್ತಿದ್ದರು. ‘ಮಾಸ್ಟ್ರ ಹತ್ರ ಕನ್ನಡ ಮಾತಾಡದೆ ಮತ್ತೆ ಯಾರ ಹತ್ರ ಮಾತಾಡುದು?’ ಎನ್ನುವುದು ಅವರ ವಾದ. ಕಾರ್ಖಾನೆಯಿಂದ ಬಂದ ಒಡಕು ಹಂಚಿನಂತೆ ಅಲ್ಲಲ್ಲಿ ಚೂರು ಹಾರಿದ ಕನ್ನಡ, ಆದರೆ ಸೋರುತ್ತಿರಲಿಲ್ಲ.

ಹಂಚಿನ ಮಾತು ಬಂದದ್ದು ಒಳ್ಳೆಯದೇ ಆಯಿತು. ಅವರ ಒಲೆ ಇದ್ದದ್ದೇ ಹಂಚಿನಿಂದ. ಹಂಚಿನ ಕಾರ್ಖಾನೆಗಳ ನಮ್ಮ ಜೆಪ್ಪುವಿನಲ್ಲಿ ಒಡೆದ ಹಂಚಿಗೆ ಬರಗಾಲವಿಲ್ಲ. ಹಿತ್ತಿಲಲ್ಲಿ ಮೊಣಕಾಲುದ್ದ ಹೊಂಡ ತೋಡಿ, ಒಳಗೋಡೆಗೆ ಹಂಚಿನ ಚೂರು ಮೆತ್ತಿ, ಮೇಲೆ ಕಬ್ಬಿಣದ ಸರಳು ಹಾಸಿದ್ದರು. ಮೊದಲು ತೆಂಗಿನ ಸಿಪ್ಪೆ, ಆಮೇಲೆ ಗೆರಟೆಯ ಚಿಪ್ಪು, ಕೊನೆಗೆ ಗೇರು ಮರದ ಕೊರಡು. ಉರಿಯೆಲ್ಲ ಸತ್ತು ಕೆಂಡ ಬೂದಿ ಹೊದ್ದುಕೊಂಡ ಮೇಲೆಯೇ ಮಾಂಸ ಮಲಗುವುದು. ಮೇಲಿನಿಂದ ಹಂಚು ಮುಚ್ಚಿ ಸಂದುಗಳಿಗೆ ಒದ್ದೆ ಗೋಣಿ ತುರುಕುತ್ತಿದ್ದರು. ಕೋಳಿ ಕೂಗುವ ಹೊತ್ತಿಗೆ ಇಟ್ಟದ್ದು ಮಧ್ಯಾಹ್ನದ ಊಟಕ್ಕೆ ಬೇಯುತ್ತಿತ್ತು. ಜಾಸ್ತಿ ಹೊಗೆ ಬಂದರೆ ಓಡಿ ಬರುತ್ತಿದ್ದರು. ‘ಒಳಗೆ ಜಗಳ ಆಗ್ತಾ ಉಂಟು’ ಎಂದು ಒಂದು ಹಂಚು ಸರಿಸಿ, ಗದರಿಸುವವರಂತೆ ಕೆಂಡವನ್ನು ದಿಟ್ಟಿಸುತ್ತಿದ್ದರು.

ಈ ಪದ್ಧತಿಯನ್ನು ಅವರು ಕಲಿತದ್ದು ಯಾವುದೋ ಬಂದರಿನಲ್ಲಿ, ಅಮೆರಿಕದ ಹಡಗಿನ ಒಬ್ಬ ಕಪ್ಪು ಅಡುಗೆಯವನಿಂದ. ಪಕ್ಕೆಲುಬನ್ನು ಕಡಿಯದೆ ಇಡೀ ಹಲಗೆಯ ಹಾಗೆ ಬೇಯಿಸುವುದು ಅವನದು. ಮೆಣಸು, ಕೊತ್ತಂಬರಿ, ಜೀರಿಗೆ, ಬೆಳ್ಳುಳ್ಳಿಯನ್ನು ಹುಳಿ ಬರಿಸಿದ ಕಳ್ಳಿನಲ್ಲಿ ಅರೆದು ಹಿಂದಿನ ದಿನವೇ ಮೆತ್ತಿಡುವುದು ನಮ್ಮ ಊರಿನದು. ನಡುನಡುವೆ ಬಳಿಯಲು ಅದೇ ಹುಳಿಗೆ ಓಲೆಬೆಲ್ಲ, ಉಪ್ಪು ಕಲಸಿದ ಒಂದು ರಸ, ತೆಂಗಿನ ನಾರಿನ ಒಂದು ಕುಂಚ. ಹೀಗೆ ಎರಡು ಸಮುದ್ರದ ವಿದ್ಯೆ ಜೆಪ್ಪುವಿನ ಹೊಂಡದಲ್ಲಿ ಒಂದಾಗುತ್ತಿತ್ತು.

ಕಟುಕನಿಗೂ ಅವರಿಗೂ ಪ್ರತಿ ಶನಿವಾರ ಜಟಾಪಟಿ. ಪಕ್ಕೆಲುಬು ಕಂಡರೆ ಕಡಿಯುವುದು ಅವನ ಕೈಗೆ ಅಂಟಿದ ಅಭ್ಯಾಸ. ಕಡಿಯಬಾರದು ಎನ್ನುವುದು ಇವರ ಹಟ. ಕತ್ತಿ ಮೇಲೆದ್ದ ಕೂಡಲೇ ಇವರು ಮಾಂಸದ ಮೇಲೆ ಕೈ ಇಟ್ಟುಬಿಡುತ್ತಿದ್ದರು. ‘ಬೆರಳು ಬೇಕಾದರೆ ಕಡಿ ಮಾರಾಯ, ಎಲುಬು ಬೇಡ.’ ಅವರ ಹೆಂಡತಿಗೂ ಈ ಹಡಗಿನ ಅಡುಗೆಯ ಮೇಲೆ ದೊಡ್ಡ ಗೌರವವೇನೂ ಇರಲಿಲ್ಲ. ನಾವೆಲ್ಲ ಆಕೆಯನ್ನು ಬಾಯಮ್ಮ ಎನ್ನುತ್ತೇವೆ. ಇಡ್ಲಿಯಂಥ ಸನ್ನಣಕ್ಕೆ ನಂಜಿಕೊಳ್ಳಲು ಮಸಾಲೆಯ ಗಸಿ ಇಲ್ಲದ ಹಂದಿ ಎಂಥ ಹಂದಿ ಎಂದು ಆಕೆ ಬೇರೆ ಪಾತ್ರೆಯಲ್ಲಿ ತನ್ನದೇ ಪದಾರ್ಥ ಮಾಡಿಟ್ಟುಕೊಳ್ಳುತ್ತಿದ್ದರು. ಕಾಯುವುದೇ ಒಂದು ಕೆಲಸವೋ ಎಂದು ಆಕೆ ರೇಗಿದರೆ ಬಟ್ಲರದು ಒಂದೇ ಉತ್ತರ: ‘ಅವಸರ ಇದ್ದವರು ಮೀನು ತಿನ್ಲಿ.’

ದೇಶ ಸುತ್ತಿದವರಾದರೂ ಕೊಚ್ಚಿಕೊಳ್ಳುವ ಜನವಲ್ಲ. ಒಮ್ಮೆ ನಾನು ಆಸೆಯಿಂದ, ‘ಲಂಡನ್ ಹೇಗುಂಟು ಬಟ್ಲರೇ?’ ಎಂದು ಕೇಳಿದೆ. ಮರುದಿನ ತರಗತಿಯಲ್ಲಿ ಮಕ್ಕಳಿಗೆ ಹೇಳಬಹುದು ಎಂಬ ಲೆಕ್ಕ. ಅವರು ತುಂಬ ಹೊತ್ತು ಯೋಚಿಸಿದರು. ‘ಕಲ್ಲಿದ್ದಲು ಒಳ್ಳೆದುಂಟು’ ಎಂದರು. ನನ್ನ ಭೂಗೋಳದ ಪಾಠ ಅಲ್ಲಿಗೇ ನಿಂತಿತು.

ಇನ್ನು ನನ್ನ ಉದ್ಯೋಗದ ವಿಷಯ. ಕ್ರೈಸ್ತರು ಪೂಜೆಯಲ್ಲಿ ಪರಮಪ್ರಸಾದ ತೆಗೆದುಕೊಳ್ಳಬೇಕಾದರೆ ಹಿಂದಿನ ನಡುರಾತ್ರಿಯಿಂದ ಬಾಯಿಗೆ ಏನೂ ಹಾಕುವಂತಿಲ್ಲ. ನೀರೂ ಇಲ್ಲ. ಭಾನುವಾರ ಅವರ ಮನೆಯವರೆಲ್ಲ ಪ್ರಸಾದ ತೆಗೆದುಕೊಳ್ಳುವವರೇ. ಅಡುಗೆ ಒಲೆಯ ಮೇಲೆ, ಅಡುಗೆಯವ ಉಪವಾಸ. ಉಪ್ಪು ನೋಡುವವರು ಯಾರು? ಓಣಿಯ ಆ ಬದಿಯವರು ಬ್ಯಾರಿ ಮುಸಲ್ಮಾನರು, ಅವರ ಮುಂದೆ ಹಂದಿಯ ಹೆಸರೆತ್ತುವಂತಿಲ್ಲ. ಎದುರು ಮನೆಯವರು ಜನಿವಾರದವರು. ಉಳಿದವರೆಲ್ಲ ಅದೇ ಇಗರ್ಜಿಗೆ ಹೋಗುವ ಉಪವಾಸದವರು. ಮಕ್ಕಳನ್ನು ಕೇಳೋಣವೆಂದರೆ, ಮಕ್ಕಳ ನಾಲಿಗೆ ಬೆಲ್ಲ ಇದ್ದದ್ದಕ್ಕೆಲ್ಲ ಹೌದು ಅನ್ನುತ್ತದೆ ಎಂಬುದು ಬಟ್ಲರ ದೂರು. ಹೀಗೆ ಎಲ್ಲ ಕಡೆ ಸೋಸಿ ಉಳಿದವನು ನಾನು. ಮಾಂಸ ಅರ್ಧ ಬೆಂದ ಹೊತ್ತಿಗೆ, ಬಿಳಿ ಅಂಗಿ ತೊಟ್ಟು ಇಗರ್ಜಿಗೆ ಹೊರಟ ಬಟ್ಲರು ಎರಡು ಮನೆಯ ನಡುವಿನ ಪಾಗಾರದ ಗೋಡೆಯ ಮೇಲಿಂದ ತಲೆ ಎತ್ತಿ ಕರೆಯುತ್ತಿದ್ದರು:

‘ಮಾಸ್ಟ್ರೆ, ಉಪ್ಪು ನೋಡ್ತೀರಾ?’

ನಾನು ಹೋಗಿ, ಎಲುಬಿನ ತುದಿಯಿಂದ ಅವರು ಬಿಡಿಸಿಕೊಟ್ಟ ಚೂರನ್ನು ಬಾಯಿಗೆ ಹಾಕಿ, ಪರೀಕ್ಷೆಯ ಉತ್ತರ ತಿದ್ದುವವನಂತೆ ಕಣ್ಣು ಮುಚ್ಚಿ, ‘ಒಂದು ಚೂರು ಕಮ್ಮಿ ಉಂಟು’ ಎನ್ನುತ್ತಿದ್ದೆ. ಯಾವಾಗಲೂ ಒಂದು ಚೂರು ಕಮ್ಮಿಯೇ. ಅವರು ಬಳಿಯುವ ರಸಕ್ಕೆ ಒಂದು ಚಿಟಿಕೆ ಹಾಕಿ, ಬಟ್ಟಲನ್ನು ನನ್ನ ಕೈಗಿತ್ತು, ಪೂಜೆಗೆ ಹೊರಟುಹೋಗುತ್ತಿದ್ದರು.

ಅಷ್ಟಾದರೂ ನಾನು ಕದ್ದು ತಿಂದವನ ಹಾಗೆ ಮನೆಗೆ ಬರಬೇಕಿತ್ತು. ನಾವು ಸಂಸಾರ ಹೂಡುವಾಗಲೇ ನನ್ನ ತಾಯಿ ಊರಿನಿಂದ ಬಂದು, ‘ಆ ಮನೆಯ ಹಂದಿ ಈ ಮನೆಯ ಹೊಸ್ತಿಲು ದಾಟಬಾರದು’ ಎಂದು ಹೇಳಿಹೋಗಿದ್ದರು. ಹೆಂಡತಿ ಅದನ್ನು ಚಾಚೂ ತಪ್ಪದೆ ನಡೆಸಿದಳು. ಬಾವಿಕಟ್ಟೆಯಲ್ಲಿ ಬಾಯಿ ಮುಕ್ಕಳಿಸಿ, ಮಿಂದು, ಬೇರೆ ಬಟ್ಟೆ ಉಟ್ಟ ಮೇಲೆಯೇ ನನಗೆ ಪ್ರವೇಶ. ನಾನು ಮುಕ್ಕಳಿಸುವಾಗ ಬಾಗಿಲಲ್ಲಿ ನಿಂತು ಅವಳು ನೋಡುವ ನೋಟವನ್ನು ಅಸಹ್ಯ ಎಂದುಕೊಂಡಿದ್ದೆ.

ಬಟ್ಲರ ಗುಟ್ಟು ನನಗೆ ತಿಳಿದದ್ದು ಒಂದು ಲೋಟ ಕಾಫಿಯಿಂದ. ಯುದ್ಧದ ಕಾಲ, ಸಕ್ಕರೆ ಕಣ್ಣಿಗೆ ಬೀಳುವುದೇ ಅಪರೂಪ. ನಮ್ಮದು ಬೆಲ್ಲದ ಕಾಫಿ. ಯಾವುದೋ ಮಾತಿಗೆಂದು ಬಟ್ಲರು ಒಂದು ಸಂಜೆ ನಮ್ಮ ಜಗಲಿಗೆ ಬಂದರು. ಹಡಗಿನಲ್ಲಿ ದೊರೆಗಳಿಗೆ ಬಡಿಸಿದವರು ಬಂದಿದ್ದಾರೆ ಎಂದು ಹೆಂಡತಿ ಡಬ್ಬದ ತಳದಲ್ಲಿ ಕಾಪಾಡಿಕೊಂಡಿದ್ದ ಸಕ್ಕರೆ ಹಾಕಿ ಇಬ್ಬರಿಗೂ ಕಾಫಿ ತಂದಿಟ್ಟಳು. ಬಟ್ಲರು ಮಾತಾಡುತ್ತ ಆಡುತ್ತ ನಿಧಾನವಾಗಿ ಕುಡಿದು ಮುಗಿಸಿ, ‘ಫಸ್ಟ್ ಕ್ಲಾಸ್, ಅಕ್ಕ’ ಎಂದು ಎದ್ದುಹೋದರು. ಆರಲೆಂದು ಬಿಟ್ಟಿದ್ದ ನನ್ನ ಲೋಟವನ್ನು ನಾನು ಆಮೇಲೆ ಎತ್ತಿ ಒಂದು ಗುಟುಕು ಕುಡಿದವನು ಅಂಗಳಕ್ಕೆ ಓಡಿ ಉಗುಳಿದೆ. ಡಬ್ಬ ಅದಲುಬದಲಾಗಿತ್ತು. ಸಮುದ್ರದ ನೀರಾದರೂ ವಾಸಿ, ಅಷ್ಟು ಉಪ್ಪು.

ಹೆಂಡತಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ‘ಎಂಥ ಮರ್ಯಾದಸ್ತರು! ಒಂದು ಮಾತು ಹೇಳ್ಲಿಲ್ಲ’ ಎಂದಳು. ನನಗೆ ಹಾಗನಿಸಲಿಲ್ಲ. ಮರ್ಯಾದೆಗೆ ಕುಡಿಯುವವನ ಗಂಟಲಾದರೂ ಒಂದು ಸಲ ಹಿಂಜರಿಯುತ್ತದೆ. ಮರುದಿನ ಪಾಗಾರದ ಬಳಿ ಸುಮ್ಮನೆ, ‘ನಿನ್ನೆಯ ಕಾಫಿಗೆ ಸಕ್ಕರೆ ಸರಿ ಇತ್ತಾ?’ ಎಂದು ಕೇಳಿದೆ. ‘ಸ್ವಲ್ಪ ಜಾಸ್ತಿಯೇ ಇತ್ತು’ ಎಂದರು. ನಾನು ಅವರನ್ನೇ ದಿಟ್ಟಿಸಿದ್ದು ನೋಡಿ ಅವರ ಮುಖ ಇಳಿಯಿತು.

‘ಗೊತ್ತಾಯ್ತಾ ನಿಮಗೆ?’

ಕೊನೆಯ ಪ್ರಯಾಣದಲ್ಲಿ ಅವರಿಗೆ ವಿಷಮಜ್ವರ ಬಂದಿತ್ತಂತೆ. ‘ಜ್ವರ ಇಳೀತು ಮಾಸ್ಟ್ರೆ. ಹೋಗುವಾಗ ರುಚಿಯನ್ನೂ ಕರ್ಕೊಂಡು ಹೋಯ್ತು. ಮೂಗೂ ಇಲ್ಲ, ನಾಲಿಗೆಯೂ ಇಲ್ಲ. ಊರಿಗೆ ಯಾಕೆ ಬಂದೆ ಅಂತ ಎಣಿಸಿದ್ರಿ? ರುಚಿ ಇಲ್ಲದ ಕುಕ್ಕನ್ನು ಹಡಗಿನಲ್ಲಿ ಎಂತಕ್ಕೆ ಇಡ್ತಾರೆ?’ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಭಾನುವಾರದ ಉಪವಾಸ ಅವರಿಗೆ ದೇವರು ಕೊಟ್ಟ ನೆಪವಾಗಿತ್ತು. ಹೊರಗಿನವನ ನಾಲಿಗೆಯನ್ನು ಎಲ್ಲರ ಎದುರಿಗೇ ಎರವಲು ಪಡೆಯಬಹುದು, ಯಾಕೆಂದು ಯಾರೂ ಕೇಳುವುದಿಲ್ಲ. ಮಧ್ಯಾಹ್ನ ಎಲ್ಲರೊಂದಿಗೆ ಕೂತು ಎಲುಬು ಚೀಪುತ್ತ ಅವರು ತಲೆದೂಗುತ್ತಿದ್ದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೆ. ಅದೂ ನಟನೆ ಎಂದು ತಿಳಿದಾಗ ನನಗೆ ನಿಜವಾಗಿಯೂ ದುಃಖವಾಯಿತು.

ಇದಾದ ಮಾರನೆಯ ವರ್ಷ ಅವರ ಒಬ್ಬಳೇ ಮಗಳಿಗೆ ಮದುವೆ ಗೊತ್ತಾಯಿತು. ಬಾಯಮ್ಮನ ಅಣ್ಣ ಬಂಟ್ವಾಳದ ಕಡೆಯಿಂದ ಬಂದು, ಮದುವೆಯ ಹಂದಿಗೆ ಪೇಟೆಯ ಹೆಸರಾಂತ ಅಡುಗೆಯವನನ್ನು ಗೊತ್ತು ಮಾಡೋಣ ಎಂದ. ಬಟ್ಲರು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆದು ಭಾವನೆಂಟ, ‘ಹಡಗಿನವರು ಬೇಯಿಸುವ ಕೊರಡನ್ನು ನೆಂಟರಿಗೆ ಬಡಿಸಿ ನಮ್ಮ ಮಾನ ಕಳೀಬೇಡಿ. ಹಾಳಾದರೆ ಇನ್ನು ನಿಮ್ಮ ಕೈಗೆ ಸೌಟು ಕೊಡುದಿಲ್ಲ’ ಎಂದುಬಿಟ್ಟ. ಅದು ಪಾಗಾರದ ಈಚೆಗೂ ಕೇಳಿಸಿತು.

ಸಂಜೆ ಬಟ್ಲರು ನನ್ನ ಬಳಿ ಬಂದರು. ‘ಮಗಳು ಹುಟ್ಟಿದಾಗ ನಾನು ಏಡನ್ನಿನಲ್ಲಿ. ಅವಳು ಮೊದಲ ಸಲ ಪ್ರಸಾದ ತಕ್ಕೊಂಡಾಗ ಎಲ್ಲಿದ್ದೆನೋ ನೆನಪೇ ಇಲ್ಲ. ಊರಿಡೀ ಜನಕ್ಕೆ ಬೇಯಿಸಿ ಹಾಕಿದೆ, ಅವಳ ಒಂದು ಹಬ್ಬಕ್ಕೆ ಬೇಯಿಸ್ಲಿಲ್ಲ. ಮದುವೆಗೆ ಅಪ್ಪನ ಕೈಯದ್ದೇ ಆಗಬೇಕು ಅಂತ ಅವಳಿಗೆ ಮಾತು ಕೊಟ್ಟಿದ್ದೇನೆ. ನೀವುಂಟಲ್ಲ, ನನಗೆ ಧೈರ್ಯ.’

ನಾನುಂಟು ಎಂದೆ. ಎರಡು ವಾರದಲ್ಲಿ ಆ ಮಾತು ನನ್ನ ಕುತ್ತಿಗೆಗೆ ಬಂತು. ಊರಿನ ನಮ್ಮ ಮೂಲಮನೆಯಲ್ಲಿ ದೈವದ ನೇಮೋತ್ಸವ ಗೊತ್ತಾಗಿ, ಬಾಳೆಗೊನೆ ಕಡಿಯುವ ಮುಹೂರ್ತ ಆಯಿತೆಂದು ಹೇಳಿಕೆ ಬಂತು. ಗೊನೆ ಕಡಿದ ಮೇಲೆ ನೇಮ ಮುಗಿಯುವ ತನಕ ನಮ್ಮ ಕುಟುಂಬದವರು ಮೀನು ಮಾಂಸ ಬಾಯಿಗೆ ಹಾಕುವಂತಿಲ್ಲ. ಮದುವೆ ಬಿದ್ದದ್ದು ಸರಿಯಾಗಿ ಆ ನಡುವಿನಲ್ಲಿ. ಅವರ ದಿನವನ್ನು ಮುಂದೆ ಹಾಕುವಂತೆಯೂ ಇರಲಿಲ್ಲ. ಇಗರ್ಜಿಯಲ್ಲಿ ಮದುವೆಯ ಕರೆ ಓದಿ ಆಗಿತ್ತು. ಆ ವಾರ ತಪ್ಪಿದರೆ ಈಸ್ಟರಿನ ಮುಂಚಿನ ವ್ರತ ಶುರು, ಅದರಲ್ಲಿ ಮದುವೆಯೂ ಇಲ್ಲ ಹಂದಿಯೂ ಇಲ್ಲ.

ಹೇಳಿದಾಗ ಬಟ್ಲರು ಹೊಂಡದ ಅಂಚಿನಲ್ಲಿ ಕೂತರು. ‘ನಾಲಿಗೆಗೆ ಮುಟ್ಟಿಸಿ ಉಗುಳಿದರೆ...’ ಎಂದು ಶುರು ಮಾಡಿದವರು ತಾವೇ ನಿಲ್ಲಿಸಿದರು. ‘ಬೇಡ, ಬೇಡ. ನನ್ನ ಉಪವಾಸ ನಾನು ಮುರೀಲಿಕ್ಕಿಲ್ಲ, ನಿಮ್ಮದನ್ನು ಮುರಿ ಅಂತ ಯಾವ ಬಾಯಿಯಲ್ಲಿ ಹೇಳ್ಲಿ?’ ಆಮೇಲೆ ಸುಮ್ಮನೆ ಒಂದು ಗೆರಟೆಯನ್ನು ಕೈಯಲ್ಲಿ ತಿರುಗಿಸುತ್ತ ಕೂತರು. ಅಷ್ಟು ಅಸಹಾಯಕರಾಗಿ ಅವರನ್ನು ನಾನು ಮೊದಲು ಕಂಡಿರಲಿಲ್ಲ.

ಮದುವೆಯ ಬೆಳಿಗ್ಗೆ ಹಿತ್ತಿಲ ಉದ್ದಕ್ಕೂ ಹೊಸದಾಗಿ ತೋಡಿದ ಕಾಲುವೆಯಂಥ ಒಲೆಯಲ್ಲಿ ಪಕ್ಕೆಲುಬಿನ ಸಾಲೇ ಮಲಗಿತ್ತು. ಕೋಟು ಹಾಕಿದ ಬಟ್ಲರು ಪಾಗಾರದ ಹತ್ತಿರ ಬಂದು ಅಭ್ಯಾಸಬಲದಿಂದ ಬಾಯಿ ತೆರೆದರು. ನೆನಪಾಗಿ ಮುಚ್ಚಿದರು. ‘ಬೆಂಕಿ ಒಂದು ನೋಡಿಕೊಳ್ಳಿ ಮಾಸ್ಟ್ರೆ. ಉಪ್ಪು ಹೇಗೆ ಆಗ್ತದೋ ಹಾಗೆ’ ಎಂದು ಮಗಳ ಕೈ ಹಿಡಿದು ಹೊರಟರು. ಮನೆ ಖಾಲಿಯಾಯಿತು. ಹಂಚಿನ ಸಂದಿನಿಂದ ವಾಸನೆ ಏಳುತ್ತಿತ್ತು. ನಾನು ಮಣೆಯ ಮೇಲೆ ಬಾಯಿ ಕಟ್ಟಿ ಕೂತಿದ್ದೆ.

ಆಗ ಗೇಟು ಕಿರುಗುಟ್ಟಿತು. ಸೀರೆಯ ಸೆರಗು ಸಿಕ್ಕಿಸಿಕೊಂಡು ನನ್ನ ಹೆಂಡತಿ ನೇರ ಒಲೆಯ ಹತ್ತಿರ ಬಂದಳು.

‘ಒಂದು ಚೂರು ತೆಗೆದು ಕೊಡಿ.’

‘ನಿನಗೆ ಎಂತ ಮರ್ಲಾ? ಗೊನೆ ಕಡಿದಾಗಿದೆ.’

‘ಕಡಿದದ್ದು ನಿಮ್ಮ ಮನೆಯಲ್ಲಿ. ನನ್ನ ಅಮ್ಮನ ಮನೆಯಲ್ಲಿ ಅಲ್ಲ’ ಎಂದಳು. ‘ನಿಮ್ಮ ದೈವಕ್ಕೆ ನಾನು ಯಾರು?’

ನಮ್ಮ ಜನರಲ್ಲಿ ಕುಟುಂಬ ತಾಯಿಯ ಕಡೆಯಿಂದ ನಡೆಯುವುದು. ನಾನು ನನ್ನ ತಾಯಿಯ ಮನೆಯವನು, ಅವಳೂ ನಮ್ಮ ಮಕ್ಕಳೂ ಅವಳ ತಾಯಿಯ ಮನೆಯವರು. ನಮ್ಮ ದೈವದ ಕಟ್ಟು ನನ್ನ ತನಕ ಬಂದು ನಿಲ್ಲುತ್ತದೆ, ಒಂದೇ ಚಾಪೆಯಲ್ಲಿ ಮಲಗುವ ಅವಳನ್ನು ಮುಟ್ಟುವುದಿಲ್ಲ. ಇದು ಹುಟ್ಟಿದಂದಿನಿಂದ ಗೊತ್ತಿದ್ದ ವಿಷಯ. ನನಗಾಗಲಿ, ಬಟ್ಲರಿಗಾಗಲಿ ಹೊಳೆದಿರಲಿಲ್ಲ. ಪಾಗಾರದ ಈಚೆ ಅವಳಿಗೆ ಕೇಳುವಷ್ಟು ಗಟ್ಟಿಯಾಗಿ ನಿಟ್ಟುಸಿರು ಬಿಡುತ್ತಿದ್ದೆವಷ್ಟೆ.

‘ಆದರೆ ನಿನಗೆ ಇದರ ರುಚಿ ಹೇಗೆ ಗೊತ್ತು?’

‘ನನ್ನ ಸೋದರಮಾವಂದಿರು ಕಾಡುಹಂದಿ ಹೊಡೆದು ತರ್ತಿದ್ದರು. ನಿಮ್ಮ ಅಮ್ಮ ಬೇಡ ಅಂದರು ಅಂತ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿದ್ದೇನೆ. ಹೊಸ್ತಿಲು ದಾಟಬಾರದು ಅಂತಲ್ವಾ ಅವರು ಹೇಳಿದ್ದು? ಇದು ಹೊಸ್ತಿಲಲ್ಲ. ಕೊಡಿ.’

ಬಾಳೆಲೆಯ ಚೂರಿನಲ್ಲಿ ಕೊಟ್ಟೆ. ಅವಳು ಸಾವಕಾಶವಾಗಿ ಅಗಿದಳು. ಬಾವಿಕಟ್ಟೆಯಲ್ಲಿ ನಾನು ಮುಕ್ಕಳಿಸುವಾಗ ಅವಳ ಮುಖದಲ್ಲಿ ಕಾಣುತ್ತಿದ್ದದ್ದು ಅಸಹ್ಯವಲ್ಲ, ಆಸೆ ಎಂಬುದು ನನಗೆ ಆಗ ತಿಳಿಯಿತು.

‘ಹುಳಿ ಸರಿ ಉಂಟು. ಖಾರ ಉಂಟು. ಉಪ್ಪು ಸಾಲದು’ ಎಂದಳು. ನಾನು ರಸಕ್ಕೆ ಉಪ್ಪು ಕದಡಿ ಸಾಲಿನ ಉದ್ದಕ್ಕೂ ಬಳಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಚೂರು ಕೇಳಿದಳು. ಇನ್ನೂ ಸ್ವಲ್ಪ ಬೇಕು ಎಂದಳು. ಮೂರನೆಯದಕ್ಕೆ ಸರಿಯಾಯಿತು. ನಾಲ್ಕನೆಯದನ್ನು ಯಾಕೆ ತಿಂದಳೆಂದು ನಾನು ಕೇಳಲಿಲ್ಲ. ಬಾವಿಕಟ್ಟೆಗೆ ಹೋಗಿ ಬಾಯಿ ಮುಕ್ಕಳಿಸಿ, ಮಿಂದು, ಒಳಗೆ ಹೋದಳು.

ಮಧ್ಯಾಹ್ನ ಚಪ್ಪರದಡಿ ಊಟಕ್ಕೆ ಕೂತಾಗ ನಾನು ಒಂದು ಮೂಲೆಯಲ್ಲಿ ಬರಿಯ ಬಾಳೆಹಣ್ಣು ತಿನ್ನುತ್ತ ಬಟ್ಲರನ್ನೇ ನೋಡುತ್ತಿದ್ದೆ. ಅವರು ತಟ್ಟೆ ಹಿಡಿದು ನಿಂತಿದ್ದರು, ತಿನ್ನುತ್ತಿರಲಿಲ್ಲ. ತಿಂದರೂ ಅವರಿಗೆ ತಿಳಿಯುವಂತಿರಲಿಲ್ಲವಲ್ಲ. ಬೀಗರ ಬಾಯಿ, ಭಾವನ ಬಾಯಿ, ಮಗಳ ಬಾಯಿ, ಒಂದೊಂದನ್ನೇ ಓದುತ್ತಿದ್ದರು. ಮಾತು ನಿಂತುಹೋಗಿತ್ತು. ಎಲುಬಿನಿಂದ ಮಾಂಸ ತಾನಾಗಿ ಬಿಟ್ಟುಕೊಡುತ್ತಿತ್ತು. ಭಾವನೆಂಟ ಬೆರಳು ಚೀಪಿ, ತಲೆ ತಗ್ಗಿಸಿಕೊಂಡೇ ಇನ್ನೊಂದು ತುಂಡಿಗೆ ತಟ್ಟೆ ಮುಂದೆ ಹಿಡಿದ. ಮದುಮಗಳು ಎದ್ದು ಬಂದು ಅಪ್ಪನ ಕೈಗೆ ಮುತ್ತಿಟ್ಟಳು. ಬಟ್ಲರ ಕಣ್ಣು ತುಂಬಿತು.

ಆಮೇಲೆ ನನ್ನನ್ನು ಬದಿಗೆ ಕರೆದರು. ‘ನೀವು ತಿಂದ್ರಾ?’ ಎಂದು ಹೆದರಿ ಕೇಳಿದರು. ಇಲ್ಲವೆಂದೆ. ‘ಮತ್ತೆ ಯಾರು?’ ನಾನು ನಮ್ಮ ಮನೆಯ ಕಡೆ ಕಣ್ಣು ಹಾಯಿಸಿದೆ.

ಅವರು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ನಮ್ಮ ಅಂಗಳಕ್ಕೆ ಬಂದು ನಿಂತರು. ಇಷ್ಟು ವರ್ಷ ನನ್ನೊಡನೆ ಹಟ ಹಿಡಿದು ಕನ್ನಡ ಆಡಿದವರಿಗೆ ಅವತ್ತು ಕನ್ನಡ ಕೈಕೊಟ್ಟಿತು. ‘ದೇವ್ ಬರೆಂ ಕರುಂ’ ಎಂದರು. ದೇವರು ಒಳ್ಳೆಯದು ಮಾಡಲಿ ಎಂದು. ಹೆಂಡತಿ ಬಾಗಿಲ ಮರೆಯಿಂದ ಹೊರಗೆ ಬಂದು, ‘ಕೂತುಕೊಳ್ಳಿ. ಕಾಫಿ ಕುಡಿದು ಹೋಗಿ’ ಎಂದಳು. ‘ಇವತ್ತು ಸಕ್ಕರೆ ಹಾಕಿದ್ದೇನೆ.’

ಮೂವರೂ ನಕ್ಕೆವು. ಅವಳಿಗೂ ಆ ಕಾಫಿಯಿಂದಲೇ ಗೊತ್ತಾಗಿತ್ತು ಎಂದು ನನಗೆ ತಿಳಿದದ್ದು ಆವಾಗ.

ಆ ಮೇಲೆ ಹಲವು ವರ್ಷ ಭಾನುವಾರದ ಕರೆ ತಪ್ಪಲಿಲ್ಲ. ಈ ಮಳೆಗಾಲದ ಕೊನೆಗೆ ಬಟ್ಲರು ಎದೆನೋವೆಂದು ಮಲಗಿದರು, ಹೆಚ್ಚು ದಿನ ನರಳಲಿಲ್ಲ. ಹೊಂಡದಲ್ಲಿ ನೀರು ನಿಂತು, ಮೆತ್ತಿದ ಹಂಚು ಕಳಚಿ ಬಿದ್ದವು.

ಮೊನ್ನೆ ಅವರ ತಿಂಗಳ ಪೂಜೆ. ಮಗಳು ಗಂಡನ ಮನೆಯಿಂದ ಎರಡು ದಿನ ಮೊದಲೇ ಬಂದು ಹೊಂಡದ ಕೆಸರು ಬಳಿದು, ಹಂಚು ಮೆತ್ತಿ, ಕಟುಕನ ಕತ್ತಿಯ ಕೆಳಗೆ ಕೈ ಇಟ್ಟು ಪಕ್ಕೆಲುಬು ತಂದಿದ್ದಳು. ಬೆಳಿಗ್ಗೆ ಪೂಜೆಗೆ ಹೊರಡುವ ಮುಂಚೆ ಪಾಗಾರದ ಮೇಲಿಂದ ಅವಳ ತಲೆ ಕಂಡಿತು.

‘ಮಾಸ್ಟ್ರೆ, ಉಪ್ಪು ನೋಡ್ತೀರಾ? ಅಕ್ಕನನ್ನೂ ಕರ್ಕೊಂಡು ಬನ್ನಿ.’

ಇಬ್ಬರೂ ಹೋದೆವು. ನಾನು ಚೂರು ಬಾಯಿಗೆ ಹಾಕಿ ಕಣ್ಣು ಮುಚ್ಚಿದೆ. ಬಹಳ ಹೊತ್ತು ತೆರೆಯಲಾಗಲಿಲ್ಲ. ‘ಒಂದು ಚೂರು ಕಮ್ಮಿ ಉಂಟು’ ಎಂದೆ.

‘ಕಮ್ಮಿ ಇರಲೇ ಬೇಕಲ್ಲ’ ಎಂದರು ಹಿಂದಿನಿಂದ ಬಾಯಮ್ಮ. ಕಪ್ಪು ಸೀರೆ ಉಟ್ಟು ಪೂಜೆಗೆ ಹೊರಟು ನಿಂತಿದ್ದರು. ‘ಅವರ ನಾಲಿಗೆ ಹೋದದ್ದು ಅವರು ಹಡಗಿನಿಂದ ಬಂದ ವಾರವೇ ನನಗೆ ಗೊತ್ತಾಗಿದೆ. ಇವಳಿಗೂ ಗೊತ್ತು. ಮಾಸ್ಟ್ರು ಇದ್ದಾರಲ್ಲ, ನಾವು ಸುಮ್ಮನಿರುವ ಅಂತ ಇದ್ದೆವು.’

‘ಮನೆಮಟ್ಟಿಗೆ ಉಪ್ಪಿನ ಅಂದಾಜು ಅಪ್ಪನಿಗೆ ಕೈಯಲ್ಲಿ ಇತ್ತು, ಮದುವೆಯಷ್ಟು ದೊಡ್ಡ ಅಡುಗೆಗೆ ಮಾತ್ರ ಇರಲಿಲ್ಲ’ ಎಂದಳು ಮಗಳು. ‘ಬೇರೆ ದಿನದ ಅಡುಗೆಯಲ್ಲಿ ಒಂದು ಸಲ ತಪ್ಪಿದ್ದಿಲ್ಲ. ಭಾನುವಾರ ಮಾತ್ರ ಕಮ್ಮಿ ಹಾಕ್ತಿದ್ದರು. ನಾನು ಕೇಳಿದೆ ಯಾಕಪ್ಪ ಅಂತ. ಸರಿ ಹಾಕಿದರೆ ಮತ್ತೆ ಮಾಸ್ಟ್ರನ್ನು ಎಂತ ಹೇಳಿ ಕರೆಯುದು ಅಂದರು.’

ಇಗರ್ಜಿಯ ಗಂಟೆ ಹೊಡೆಯಿತು. ಬಾಯಮ್ಮ ಉಪ್ಪಿನ ಭರಣಿಯನ್ನು ನನ್ನ ಮುಂದೆ ಇಟ್ಟು, ಮಗಳೊಂದಿಗೆ ಹೊರಟರು. ಹೆಂಡತಿ ಕುಂಚ ಕೈಗೆತ್ತಿಕೊಂಡಳು. ನಾನು ರಸಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ, ಅವರು ಬರುವ ತನಕ ಒಲೆಯ ಹತ್ತಿರ ಕೂತೆ.